ಪೇಪರ್ ಮಾರುವವನ ಮುಖ: ಒಂದು ಪತ್ರಿಕಾ ಛಾಯಾಚಿತ್ರ ಮತ್ತು ಒಬ್ಬ ನಿರ್ದೇಶಕನ ಆರಂಭದ ದಿನಗಳು



ಆಹ್ವಾನ ಪತ್ರಿಕೆಯಲ್ಲಿ ನನ್ನ ಉಪನ್ಯಾಸದ ವಿಷಯ ‘ಛಾಯಾಗ್ರಹಣ ಮತ್ತು ಸಿನಿಮಾ’ ಎಂದು ಅಚ್ಚಾಗಿದೆ. ಅಷ್ಟು ದೊಡ್ಡ ವಿಷಯವನ್ನು ಒಂದು ಗಂಟೆಯಲ್ಲಿ ಹೇಳಹೊರಟರೆ ಹೆಸರುಗಳ ಪಟ್ಟಿ ಓದಿ ಕುಳಿತುಕೊಳ್ಳಬೇಕಾಗುತ್ತದೆ. ಆದ್ದರಿಂದ ಸಂಘಟಕರ ಅನುಮತಿ ಪಡೆದು ವಿಷಯವನ್ನು ಒಂದೇ ಒಂದು ಛಾಯಾಚಿತ್ರಕ್ಕೆ ಇಳಿಸಿಕೊಂಡಿದ್ದೇನೆ. ಅದು 1945ರಲ್ಲಿ ಅಮೆರಿಕದ ‘ಲುಕ್’ ಎಂಬ ಪತ್ರಿಕೆಯಲ್ಲಿ ಅಚ್ಚಾದ ಕಪ್ಪು ಬಿಳುಪು ಚಿತ್ರ. ತೆಗೆದವನಿಗೆ ಆಗ 16 ವರ್ಷ, ಹೈಸ್ಕೂಲು ಹುಡುಗ. ಹೆಸರು ಸ್ಟ್ಯಾನ್ಲಿ ಕುಬ್ರಿಕ್. ಮುಂದೆ ‘2001: ಎ ಸ್ಪೇಸ್ ಒಡಿಸ್ಸಿ’, ‘ಬ್ಯಾರಿ ಲಿಂಡನ್’, ‘ದಿ ಶೈನಿಂಗ್’ ಚಿತ್ರಗಳನ್ನು ಮಾಡಿದ ಕುಬ್ರಿಕ್ ಈತನೇ.

ಮೊದಲು ಆ ಚಿತ್ರ ಹೇಗೆ ಬಂತು, ಅದರಲ್ಲಿ ಏನಿದೆ ಎಂದು ನೋಡೋಣ. ಆಮೇಲೆ ಪತ್ರಿಕೆಯ ಕೆಲಸ ಆ ಹುಡುಗನನ್ನು ನಿರ್ದೇಶಕನನ್ನಾಗಿ ಹೇಗೆ ತಯಾರು ಮಾಡಿತು ಎನ್ನುವುದು. ಕೊನೆಗೆ ನಮ್ಮ ಮೈಸೂರು ಸೀಮೆಗೆ ಬರೋಣ. ಇಲ್ಲಿ ಕ್ಯಾಮೆರಾ ಹಿಡಿದವರೂ ಇದ್ದರು, ಸಿನಿಮಾ ಮಾಡಿದವರೂ ಇದ್ದರು; ಆದರೆ ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿ ಬೇರೆ ಥರ ಇತ್ತು. ಯಾಕೆ ಎಂಬುದು ನನ್ನ ಪ್ರಶ್ನೆ.

ಮೊದಲ ಭಾಗಕ್ಕೆ ಬರುತ್ತೇನೆ.

1945ರ ಏಪ್ರಿಲ್ 12ರಂದು ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್ವೆಲ್ಟ್ ಜಾರ್ಜಿಯಾ ರಾಜ್ಯದ ವಾರ್ಮ್ ಸ್ಪ್ರಿಂಗ್ಸ್‌ನಲ್ಲಿ ತೀರಿಕೊಂಡರು. ಎರಡನೆಯ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ರೂಸ್ವೆಲ್ಟ್ 1933ರಿಂದ ಅಧ್ಯಕ್ಷರಾಗಿದ್ದವರು, ನಾಲ್ಕು ಸಲ ಆಯ್ಕೆಯಾದವರು. ಕುಬ್ರಿಕ್ ಹುಟ್ಟಿದ್ದು 1928ರ ಜುಲೈ 26ರಂದು. ಅಂದರೆ ರೂಸ್ವೆಲ್ಟ್ ಅಧಿಕಾರಕ್ಕೆ ಬಂದಾಗ ಅವನು ನಾಲ್ಕು ವರ್ಷದ ಮಗು. ಬುದ್ಧಿ ತಿಳಿದಾಗಿನಿಂದ ಅವನು ಕಂಡ ಅಧ್ಯಕ್ಷರು ಇವರೊಬ್ಬರೇ. ನಮ್ಮ ಹಳೆ ಮೈಸೂರಿನ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರು 1940ರ ಆಗಸ್ಟ್ 3ರಂದು ತೀರಿಕೊಂಡಾಗ ಈ ಸೀಮೆಯಲ್ಲಿ ಒಂದು ಇಡೀ ತಲೆಮಾರು ಬೇರೊಬ್ಬ ದೊರೆಯನ್ನು ಕಂಡೇ ಇರಲಿಲ್ಲ.

ಹುಡುಗನ ತಂದೆ ಜಾಕ್ ಕುಬ್ರಿಕ್ ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದಲ್ಲಿ ವೈದ್ಯರು. ಮಗನ 13ನೆಯ ಹುಟ್ಟುಹಬ್ಬಕ್ಕೆ ಗ್ರಾಫ್ಲೆಕ್ಸ್ ಕ್ಯಾಮೆರಾ ಕೊಡಿಸಿದ್ದರು. ಓದಿನಲ್ಲಿ ಹುಡುಗ ಹಿಂದೆ. ಶಾಲೆಗೆ ಹೋಗುವುದಕ್ಕಿಂತ ತಪ್ಪಿಸಿಕೊಳ್ಳುವುದೇ ಹೆಚ್ಚು. ಅಧ್ಯಕ್ಷರು ಸತ್ತ ಸುದ್ದಿ ಬಂದಾಗ, ಕ್ಯಾಮೆರಾ ಹಿಡಿದು ಹೋಗುತ್ತಿದ್ದ ಅವನಿಗೆ ದಾರಿಯಲ್ಲಿ ಒಂದು ಪೇಪರ್ ಅಂಗಡಿ ಕಂಡಿತು. ಗೂಡಿನಂಥ ಅಂಗಡಿ. ಸುತ್ತ ಪತ್ರಿಕೆಗಳು, ಅವುಗಳ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ಸಾವಿನ ಸುದ್ದಿ. ಆ ಅಕ್ಷರಗಳ ನಡುವೆ ಕೈಗೆ ತಲೆ ಆನಿಸಿಕೊಂಡು ಕುಳಿತ ಅಂಗಡಿಯಾತ. ಗಿರಾಕಿಯ ಕಡೆಗೆ ಅವನ ಕಣ್ಣಿಲ್ಲ.

ಹುಡುಗ ಚಿತ್ರ ತೆಗೆದ, ತೊಳೆದ, ಮಾರಲು ಹೊರಟ. ನ್ಯೂಯಾರ್ಕಿನ ಒಂದು ದಿನಪತ್ರಿಕೆ 10 ಡಾಲರ್ ಕೊಡುವುದಾಗಿ ಹೇಳಿತ್ತೆಂದೂ ‘ಲುಕ್’ನವರು 25 ಡಾಲರ್ ಕೊಟ್ಟರೆಂದೂ ಜೀವನಚರಿತ್ರೆಗಳು ಹೇಳುತ್ತವೆ. ಹೆಚ್ಚು ಕೊಟ್ಟವರಿಗೆ ಮಾರಿದ. 1945ರ ಜೂನ್ 26ರ ಸಂಚಿಕೆಯಲ್ಲಿ ಅದು ಪ್ರಕಟವಾಯಿತು. ಕಲಾವಿದನ ಹುಟ್ಟು ಎಂದರೆ ನಾವು ಸ್ಫೂರ್ತಿ, ತಪಸ್ಸು ಎಂದೆಲ್ಲ ಹೇಳಿಕೊಳ್ಳುತ್ತೇವೆ. ಇಲ್ಲಿ ಚೌಕಾಸಿಯೂ ಇತ್ತು. ಅದನ್ನು ಮುಚ್ಚಿಡುವ ಅಗತ್ಯ ನನಗೆ ಕಾಣುವುದಿಲ್ಲ.

ಈ ಚಿತ್ರದಲ್ಲಿ ಎರಡು ಸಂಗತಿ ನನಗೆ ಮುಖ್ಯವಾಗಿ ಕಾಣುತ್ತವೆ. ಸಾವು ನಡೆದದ್ದು ದೂರದ ಜಾರ್ಜಿಯಾದಲ್ಲಿ. ಅಲ್ಲಿಗೆ ಹೋಗಲು ಹುಡುಗನಿಗೆ ದುಡ್ಡೂ ಇಲ್ಲ, ಹೋದರೂ ಒಳಗೆ ಬಿಡುವವರಿಲ್ಲ. ಆದ್ದರಿಂದ ಅವನು ಸುದ್ದಿ ಹುಟ್ಟಿದ ಜಾಗ ಬಿಟ್ಟು, ಸುದ್ದಿ ಬಂದು ತಲುಪಿದ ಜಾಗದ ಚಿತ್ರ ತೆಗೆದ. ಅಧ್ಯಕ್ಷರ ಶವಪೆಟ್ಟಿಗೆಯ ಚಿತ್ರಗಳು ಆ ವಾರ ಎಷ್ಟೋ ಬಂದಿರುತ್ತವೆ. ಆದರೆ ದಿನವೂ ಸುದ್ದಿ ಮಾರಿ ಹೊಟ್ಟೆ ಹೊರೆಯುವ ಮನುಷ್ಯನಿಗೆ ಒಂದು ದಿನ ಸುದ್ದಿಯೇ ಭಾರವಾಯಿತು ಎನ್ನುವುದನ್ನು ತೋರಿಸಲು ಆ ಗೂಡಂಗಡಿಯೇ ಬೇಕಿತ್ತು.

ಇದನ್ನು ನಮ್ಮ ಊರಿಗೆ ತಂದು ನೋಡಿ. ಕಬಿನಿ ಅಣೆಕಟ್ಟೆಯಿಂದ ನೀರು ಬಿಟ್ಟಾಗಲೆಲ್ಲ ಪತ್ರಿಕೆಗಳಲ್ಲಿ ಒಂದೇ ಚಿತ್ರ ಬರುತ್ತದೆ: ನಂಜನಗೂಡಿನ ಹದಿನಾರು ಕಾಲು ಮಂಟಪ ಕಪಿಲೆಯಲ್ಲಿ ಮುಳುಗಿರುವುದು. ಇಲ್ಲಿ ತಿ. ನರಸೀಪುರದಲ್ಲಿ ಕುಂಭಮೇಳ ನಡೆದಾಗ ಬರುವುದೂ ಒಂದೇ ಚಿತ್ರ: ತ್ರಿವೇಣಿ ಸಂಗಮದಲ್ಲಿ ಮುಳುಗು ಹಾಕುತ್ತಿರುವ ಸಾಧುಗಳು, ಹಿಂದೆ ಗುಂಜಾ ನರಸಿಂಹಸ್ವಾಮಿ ದೇವಸ್ಥಾನ. ಈ ಚಿತ್ರಗಳು ಸುಳ್ಳಲ್ಲ. ಆದರೆ ಕಳೆದ ಸಲದ ಚಿತ್ರವನ್ನೇ ಈ ಸಲವೂ ಹಾಕಿದರೆ ಯಾರಿಗೂ ಗೊತ್ತಾಗಲಿಕ್ಕಿಲ್ಲ. ಪ್ರವಾಹ ಬಂದ ದಿನ ಸ್ನಾನಘಟ್ಟದ ಮೆಟ್ಟಿಲ ಮೇಲೆ ಹಣ್ಣುಕಾಯಿ ಮಾರುವ ಹೆಂಗಸು ಬುಟ್ಟಿಗಳನ್ನು ಎಲ್ಲಿಗೆ ಒಯ್ದಳು, ತಲೆ ಬೋಳಿಸುವವರು ಅಂದು ಏನು ಮಾಡಿದರು, ಅವರ ಮುಖ ಹೇಗಿತ್ತು? ಈ ಸಭೆಯಲ್ಲಿ ಮೊಬೈಲ್ ಹಿಡಿದು ಕುಳಿತ ತರುಣರು ಅದನ್ನು ತೆಗೆಯಬಹುದು. ದೊಡ್ಡ ಕ್ಯಾಮೆರಾ ಬೇಕಾಗಿಲ್ಲ, ಎಲ್ಲಿ ನಿಂತು ನೋಡಬೇಕು ಎಂಬ ತಿಳಿವಳಿಕೆ ಇದ್ದರೆ ಸಾಕು.

ಎರಡನೆಯ ಸಂಗತಿ ಸ್ವಲ್ಪ ತೊಡಕಿನದು. ಆ ಅಂಗಡಿಯಾತ ತಾನಾಗಿಯೇ ಅಷ್ಟು ದುಃಖದಲ್ಲಿ ಕುಳಿತಿರಲಿಲ್ಲ, ಇನ್ನಷ್ಟು ಕುಗ್ಗಿ ಕೂರುವಂತೆ ಹುಡುಗನೇ ಅವನನ್ನು ಒಪ್ಪಿಸಿದ ಎಂದು ಕುಬ್ರಿಕ್ ಬಗ್ಗೆ ಬರೆದವರು ಹೇಳುತ್ತಾರೆ. ಹಾಗಾದರೆ ಇದು ಸುದ್ದಿಚಿತ್ರವೋ, ನಾಟಕವೋ? ಇದನ್ನು ಕೇಳಿದೊಡನೆ ಕೆಲವರು ಚಿತ್ರದ ಮೇಲಿನ ಗೌರವ ಕಳೆದುಕೊಳ್ಳುತ್ತಾರೆ. ಇಂದಿನ ಪತ್ರಿಕಾ ನೀತಿಯ ಪ್ರಕಾರ ಇಂಥ ಚಿತ್ರ ತೆಗೆದವನನ್ನು ಕೆಲಸದಿಂದ ತೆಗೆದರೂ ತೆಗೆಯಬಹುದು, ಅದು ಸರಿಯೂ ಹೌದು. ನನ್ನ ಅಭಿಪ್ರಾಯ ಹೀಗಿದೆ: ಸುದ್ದಿಚಿತ್ರವಾಗಿ ಇದಕ್ಕೆ ಪೂರ್ತಿ ಅಂಕ ಕೊಡಲಾಗದು. ಆದರೆ ಒಬ್ಬ ನಿರ್ದೇಶಕನ ಮೊದಲ ಕೆಲಸ ಎಂದು ನೋಡಿದರೆ ಇದಕ್ಕಿಂತ ಖಚಿತವಾದ ಸಾಕ್ಷಿ ಸಿಗುವುದಿಲ್ಲ. ಎದುರಿಗಿರುವ ಮನುಷ್ಯನಿಂದ ತನಗೆ ಬೇಕಾದ ಭಾವವನ್ನು ಬರಿಸಬಲ್ಲೆ ಎಂದು ಆ ಹುಡುಗ ಅಂದೇ ಕಂಡುಕೊಂಡಿದ್ದ. ನಮ್ಮ ಪೇಟೆಯ ಸ್ಟುಡಿಯೋದವರೂ “ಗಲ್ಲ ಎತ್ತಿ, ಸ್ವಲ್ಪ ನಗಿ” ಎನ್ನುತ್ತಾರೆ. ಅವರು ಹಾಗೆನ್ನುವುದು ನಮ್ಮನ್ನು ಚೆನ್ನಾಗಿ ಕಾಣಿಸಲು. ಕುಬ್ರಿಕ್ ಹೇಳಿದ್ದು ಒಂದು ಕಥೆ ಕಾಣಿಸಲು.

ಇಷ್ಟು ಹೇಳಿ, ಎರಡನೆಯ ಭಾಗಕ್ಕೆ, ಅಂದರೆ ಪತ್ರಿಕೆಯ ಕೆಲಸಕ್ಕೆ ಬರೋಣ.

‘ಲೈಫ್’ 1936ರಲ್ಲಿ ಚಿತ್ರಪತ್ರಿಕೆಯಾಗಿ ಶುರುವಾಯಿತು, ‘ಲುಕ್’ ಮರುವರ್ಷ 1937ರಲ್ಲಿ. ಇನ್ನೂ ಟೆಲಿವಿಷನ್ ಮನೆಮನೆಗೆ ಬಾರದ ಕಾಲ. ದೊಡ್ಡ ಅಳತೆಯ ಪುಟಗಳಲ್ಲಿ ಚಿತ್ರಗಳ ಸರಣಿ, ಕೆಳಗೆ ನಾಲ್ಕು ಸಾಲು ಬರಹ. ಇಲ್ಲಿ ಒಂದು ಒಳ್ಳೆಯ ಚಿತ್ರ ತಂದರೆ ಸಾಲದು. ಒಂದಾದ ಮೇಲೆ ಒಂದು ಇಟ್ಟಾಗ ಕಥೆ ಮುಂದೆ ಹೋಗಬೇಕು. ಮೊದಲನೆಯದು ಜಾಗ ತಿಳಿಸಬೇಕು, ನಡುವಿನವು ವ್ಯಕ್ತಿಯನ್ನು ಹತ್ತಿರ ತರಬೇಕು, ಕೊನೆಯದು ಒಂದು ನೆಲೆಗೆ ಮುಟ್ಟಿಸಬೇಕು. ಸಿನಿಮಾದವರು ಸಂಕಲನ ಎನ್ನುವ ಕೆಲಸ ಇದೇ.

ವಿದ್ಯಾರ್ಥಿಗಳಿಗೆ ಇಷ್ಟವಾಗುವ ಉದಾಹರಣೆಯೊಂದಿದೆ. ಕುಬ್ರಿಕ್‌ಗೆ ಟ್ಯಾಫ್ಟ್ ಹೈಸ್ಕೂಲಿನಲ್ಲಿ ಆರನ್ ಟ್ರೈಸ್ಟರ್ ಎಂಬ ಇಂಗ್ಲಿಷ್ ಮೇಷ್ಟ್ರಿದ್ದರು. ಶೇಕ್ಸ್‌ಪಿಯರನ ‘ಹ್ಯಾಮ್ಲೆಟ್’ ನಾಟಕವನ್ನು ಪಾತ್ರಗಳಾಗಿ ಅಭಿನಯಿಸುತ್ತಲೇ ಪಾಠ ಹೇಳುತ್ತಿದ್ದರು. ಬೆಂಚಿನಲ್ಲಿ ಕುಳಿತ ಹುಡುಗ ಪಾಠ ಕೇಳುವ ಬದಲು ಅವರ ಹಾವಭಾವಗಳನ್ನು ಸರಣಿಯಾಗಿ ತೆಗೆದ. 1946ರ ಏಪ್ರಿಲ್ 2ರ ‘ಲುಕ್’ ಅದನ್ನು ಪ್ರಕಟಿಸಿತು. ಅದೇ ತಿಂಗಳು ಇನ್ನೊಂದು ಸರಣಿ: ಸಿನಿಮಾ ಮಂದಿರದ ಬಾಲ್ಕನಿಯಲ್ಲಿ ಅಕ್ಕಪಕ್ಕ ಕುಳಿತ ಹುಡುಗ ಹುಡುಗಿ. ಹುಡುಗ ಸಲಿಗೆ ತೋರಿಸುತ್ತಾನೆ, ಹುಡುಗಿ ಕಪಾಳಕ್ಕೆ ಬಾರಿಸುತ್ತಾಳೆ. ಇಬ್ಬರೂ ಕುಬ್ರಿಕ್ ಕರೆತಂದವರು. ಏಟು ಬೀಳುತ್ತದೆ ಎಂಬುದನ್ನು ಹುಡುಗನಿಗೆ ಮಾತ್ರ ಹೇಳಿರಲಿಲ್ಲವಂತೆ. ಮುಂದೆ ನಟರನ್ನು ಹತ್ತಾರು ಸಲ ಅದೇ ದೃಶ್ಯ ಮಾಡಿಸಿ ಹೈರಾಣು ಮಾಡಿದವನ ಸ್ವಭಾವ ಇಲ್ಲೇ ಕಾಣುತ್ತದೆ!

1946ರಲ್ಲಿ ಶಾಲೆ ಮುಗಿಯಿತು. ಯುದ್ಧ ಮುಗಿಸಿ ಬಂದ ಸೈನಿಕರಿಂದ ಕಾಲೇಜುಗಳು ತುಂಬಿದ್ದವು. ಕಡಿಮೆ ಅಂಕದವನಿಗೆ ಸೀಟು ಸಿಗಲಿಲ್ಲ. ‘ಲುಕ್’ ಅವನನ್ನು ಕಲಿಕೆಯ ಛಾಯಾಗ್ರಾಹಕನಾಗಿ ಸೇರಿಸಿಕೊಂಡಿತು. 1950ರವರೆಗೆ ಅವನು ಅಲ್ಲಿ ದುಡಿದ. ಪತ್ರಿಕೆಯವರು ಎಲ್ಲಿಗೆ ಕಳಿಸಿದರೆ ಅಲ್ಲಿಗೆ: ಸರ್ಕಸ್, ಷಿಕಾಗೋ ನಗರ, ಬೂಟ್ ಪಾಲಿಶ್ ಮಾಡುವ ಹುಡುಗ, ಸಿನಿಮಾ ನಟರು. ಪ್ರಾಣಿಸಂಗ್ರಹಾಲಯಕ್ಕೆ ಹೋಗಿ, ಪಂಜರದೊಳಗಿನ ಕೋತಿಗೆ ಹೊರಗಿನ ಮನುಷ್ಯರು ಹೇಗೆ ಕಾಣುತ್ತಾರೆಂದು ತೋರಿಸಿದ್ದೂ ಉಂಟು.

ಅವುಗಳಲ್ಲಿ ಒಂದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. 1947ರ ಮಾರ್ಚ್ 4ರ ಸಂಚಿಕೆಯಲ್ಲಿ ನ್ಯೂಯಾರ್ಕಿನ ಸುರಂಗ ರೈಲಿನ ಸರಣಿ ಬಂತು. ನಡುರಾತ್ರಿಯ ಮೇಲೆ ಓಡಾಡುವ ರೈಲು. ತೂಕಡಿಸುವ ಕೂಲಿಗಳು, ಒರಗಿ ಮಲಗಿದ ಪ್ರೇಮಿಗಳು. ಫ್ಲ್ಯಾಷ್ ಬಲ್ಬು ಹೊತ್ತಿಸಿದರೆ ಎಲ್ಲರೂ ಎದ್ದು ಕೂರುತ್ತಾರೆ, ಆ ಮಂಕುಬೆಳಕಿನ ಗುಣವೂ ಹೋಗುತ್ತದೆ. ಬೋಗಿಯ ದೀಪದಲ್ಲೇ ತೆಗೆಯಬೇಕೆಂದರೆ ಶಟರ್ ಹೆಚ್ಚು ಹೊತ್ತು ತೆರೆದಿರಬೇಕು. ರೈಲು ಓಡುತ್ತಿದ್ದರೆ ಚಿತ್ರ ಅಲುಗುತ್ತದೆ. ಅದಕ್ಕೆ ಅವನು ಸ್ಟೇಷನ್ನಿನಲ್ಲಿ ರೈಲು ನಿಲ್ಲುವ ಕೆಲವೇ ಗಳಿಗೆಗಳಿಗೆ ಕಾದು, ಆಗ ಮಾತ್ರ ಕ್ಲಿಕ್ಕಿಸಿದ. ಇದ್ದ ಬೆಳಕನ್ನು ಕೆಡಿಸಬಾರದೆಂಬ ಈ ಹಟ ಅವನನ್ನು ಕೊನೆಯವರೆಗೂ ಬಿಡಲಿಲ್ಲ. 1975ರ ‘ಬ್ಯಾರಿ ಲಿಂಡನ್’ ಚಿತ್ರದಲ್ಲಿ ಬರೀ ಮೇಣದಬತ್ತಿಯ ಬೆಳಕಿನಲ್ಲಿ ದೃಶ್ಯಗಳನ್ನು ತೆಗೆಯಲು, ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾಗಾಗಿ ಝೈಸ್ ಕಂಪನಿ ಮಾಡಿದ್ದ ಎಫ್ 0.7 ಮಸೂರವನ್ನು ಹುಡುಕಿ ತಂದು ಕ್ಯಾಮೆರಾಕ್ಕೆ ಕೂಡಿಸಿದವನು ಅವನು. ರಾತ್ರಿ ರೈಲಿನಲ್ಲಿ ಹುಡುಗನಿಗೆ ಇದ್ದ ತೊಂದರೆಯೇ ಅಲ್ಲೂ ಇದ್ದದ್ದು, ಖರ್ಚು ಮಾತ್ರ ದೊಡ್ಡದು.

ಪತ್ರಿಕೆಯಿಂದ ಸಿನಿಮಾಕ್ಕೆ ಅವನನ್ನು ದಾಟಿಸಿದ್ದು ಒಬ್ಬ ಬಾಕ್ಸಿಂಗ್ ಪಟು. 1949ರ ಜನವರಿ 18ರ ‘ಲುಕ್’ನಲ್ಲಿ ವಾಲ್ಟರ್ ಕಾರ್ಟಿಯರ್ ಎಂಬಾತನ ದಿನಚರಿಯನ್ನು ಕುಬ್ರಿಕ್ ಚಿತ್ರಗಳಲ್ಲಿ ಹೇಳಿದ್ದ. ಅದೇ ಪಟುವನ್ನು, ಅದೇ ಬಗೆಯ ದಿನವನ್ನು ಇಟ್ಟುಕೊಂಡು ಸುಮಾರು 16 ನಿಮಿಷದ ‘ಡೇ ಆಫ್ ದಿ ಫೈಟ್’ ಎಂಬ ಮೊದಲ ಕಿರುಚಿತ್ರ ಮಾಡಿದ. ಸ್ವಂತ ದುಡ್ಡು 3,900 ಡಾಲರ್ ಹಾಕಿದ, ಆರ್‌ಕೆಓ ಕಂಪನಿ 4,000ಕ್ಕೆ ಕೊಂಡಿತು. ನೂರು ಡಾಲರ್ ಲಾಭ. ಸ್ಥಿರಚಿತ್ರದ ಸರಣಿ ಸಿನಿಮಾದ ಚಿತ್ರಕಥೆಯಾಗಿ ಹೇಗೆ ಬದಲಾಗುತ್ತದೆ ಎಂದು ತೋರಿಸಲು ಇದಕ್ಕಿಂತ ನೇರ ಉದಾಹರಣೆ ನನಗೆ ಗೊತ್ತಿಲ್ಲ. 1955ರ ‘ಕಿಲ್ಲರ್ಸ್ ಕಿಸ್’ ಚಿತ್ರದ ನಾಯಕನೂ ಬಾಕ್ಸಿಂಗ್ ಪಟುವೇ.

ಈಗ ಮೂರನೆಯ ಭಾಗ. ನಮ್ಮ ಸೀಮೆಗೆ ಮರಳೋಣ.

1923ರಲ್ಲಿ ಮೈಸೂರಿನಲ್ಲಿ ಇಬ್ಬರು ಹುಟ್ಟಿದರು. ಒಬ್ಬರು ಟಿ.ಎಸ್. ಸತ್ಯನ್, ಇನ್ನೊಬ್ಬರು ವಿ.ಕೆ. ಮೂರ್ತಿ. ಇಬ್ಬರೂ ಕುಬ್ರಿಕ್‌ಗಿಂತ ಐದು ವರ್ಷ ಹಿರಿಯರು. ಸತ್ಯನ್ ಪತ್ರಿಕಾ ಛಾಯಾಗ್ರಾಹಕರಾದರು. ‘ಡೆಕ್ಕನ್ ಹೆರಾಲ್ಡ್’, ‘ಇಲ್ಲಸ್ಟ್ರೇಟೆಡ್ ವೀಕ್ಲಿ’ಗಳಿಂದ ಹಿಡಿದು ‘ಲೈಫ್’ ತನಕ ಅವರ ಚಿತ್ರಗಳು ಹೋದವು. 1977ರಲ್ಲಿ ಪದ್ಮಶ್ರೀ ಬಂತು. ಮಕ್ಕಳು, ದಾರಿಹೋಕರು, ದುಡಿಯುವವರು ಅವರ ವಸ್ತು. ಎದುರಿಗಿದ್ದವರನ್ನು ಇನ್ನಷ್ಟು ದುಃಖಪಡಿ ಎಂದು ಅವರು ಕೇಳುವವರಲ್ಲ; ಕಾಯುವವರು. ಮೂರ್ತಿಯವರು ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಸಿನಿಮಾ ಛಾಯಾಗ್ರಹಣ ಕಲಿತು 1946ರಲ್ಲಿ, ಅಂದರೆ ಕುಬ್ರಿಕ್ ‘ಲುಕ್’ ಸೇರಿದ ವರ್ಷವೇ, ಹೊರಬಂದರು. ಬೊಂಬಾಯಿಗೆ ಹೋಗಿ ನಿರ್ದೇಶಕ ಗುರುದತ್ತರ ಕಣ್ಣಾದರು. 1959ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಸ್ಟುಡಿಯೋದ ಕತ್ತಲೊಳಗೆ ಕನ್ನಡಿಗಳಿಂದ ಬಿಸಿಲು ಹಾಯಿಸಿ ಅವರು ತೆಗೆದ ಬೆಳಕಿನ ಕೋಲು ಇವತ್ತಿಗೂ ಪಾಠವಾಗಿದೆ. 2008ನೇ ಸಾಲಿನ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು. ಛಾಯಾಗ್ರಾಹಕರೊಬ್ಬರಿಗೆ ಅದು ಸಂದದ್ದು ಅದೇ ಮೊದಲು.

ಒಂದೇ ಊರು, ಒಂದೇ ವಯಸ್ಸು. ಒಬ್ಬರು ಪತ್ರಿಕೆಯಲ್ಲೇ ಉಳಿದರು, ಒಬ್ಬರು ನೇರ ಸಿನಿಮಾಕ್ಕೆ ಹೋದರು. ಪತ್ರಿಕೆಯಲ್ಲಿ ಕೈ ಪಳಗಿಸಿಕೊಂಡು ನಿರ್ದೇಶಕರಾದವರು ಆ ಕಾಲದ ಕನ್ನಡದಲ್ಲಿ ಯಾಕೆ ಕಾಣುವುದಿಲ್ಲ?

ಮೊದಲ ಕಾರಣ ಬ್ಲಾಕು. ಹಿಂದೆ ಅಚ್ಚುಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ಚಿತ್ರವೊಂದು ಪುಟಕ್ಕೆ ಬರಬೇಕಾದರೆ ಅದನ್ನು ಜಾಲರಿಯ ಮೂಲಕ ಮತ್ತೆ ಫೋಟೋ ತೆಗೆದು, ಸತುವಿನ ತಗಡಿನ ಮೇಲೆ ಚುಕ್ಕೆಗಳಾಗಿ ಇಳಿಸಿ, ಆಮ್ಲದಲ್ಲಿ ಕೊರೆದು ಬ್ಲಾಕ್ ಮಾಡಿಸಬೇಕಿತ್ತು. ಅದಕ್ಕೆ ದುಡ್ಡು, ಅದಕ್ಕೆ ದಿನಗಳು. ಸಣ್ಣ ಪತ್ರಿಕೆಗಳು ಒಮ್ಮೆ ಮಾಡಿಸಿದ ಬ್ಲಾಕನ್ನು ಜೋಪಾನವಾಗಿಟ್ಟು ಅದೇ ಮುಖವನ್ನು ವರ್ಷಗಟ್ಟಲೆ ಅಚ್ಚು ಹಾಕುತ್ತಿದ್ದವು. ಒರಟು ಕಾಗದದ ಮೇಲೆ ಮಂತ್ರಿಗಳೂ ಕವಿಗಳೂ ಒಂದೇ ಥರ ಮಸಿಯ ಮುದ್ದೆ. ಇಂಥಲ್ಲಿ ಎಂಟು ಹತ್ತು ಚಿತ್ರಗಳ ಸರಣಿ ಹಾಕುವುದು ಯಾರಿಗೆ ಸಾಧ್ಯವಿತ್ತು? ಕನ್ನಡದ ನಿಯತಕಾಲಿಕಗಳಲ್ಲಿ ಕಥೆಗೆ, ಹಾಸ್ಯಕ್ಕೆ, ರೇಖಾಚಿತ್ರಕ್ಕೆ ದೊರೆತ ಜಾಗ ಛಾಯಾಚಿತ್ರಕ್ಕೆ ದೊರೆಯಲು ಬಹಳ ಕಾಲ ಬೇಕಾಯಿತು.

ಎರಡನೆಯ ಕಾರಣ ನಮ್ಮ ಸಿನಿಮಾದ ತವರು. ಅದು ಕಂಪನಿ ನಾಟಕ. ನೆರೆಯ ನಂಜನಗೂಡಿನಲ್ಲಿ 1917ರಲ್ಲಿ ಹುಟ್ಟಿದ ಜಿ.ವಿ. ಅಯ್ಯರ್ ಎಳೆಯ ವಯಸ್ಸಿಗೇ ಗುಬ್ಬಿ ಕಂಪನಿ ಸೇರಿದವರು. ಮಾತು, ಹಾಡು, ರಂಗಸಜ್ಜಿಕೆ, ಪಾತ್ರ ಎಲ್ಲವನ್ನೂ ಅಲ್ಲೇ ಕಲಿತು ಕೊನೆಗೆ 1975ರಲ್ಲಿ ‘ಹಂಸಗೀತೆ’, 1983ರಲ್ಲಿ ಸಂಸ್ಕೃತದ ‘ಆದಿ ಶಂಕರಾಚಾರ್ಯ’ ಮಾಡಿದರು. ನಮ್ಮ ಸಿನಿಮಾ ಕಿವಿಯಿಂದ ಬೆಳೆದದ್ದು, ಕಣ್ಣು ಆಮೇಲೆ ತೆರೆಯಿತು. ಇದನ್ನು ಕೊರತೆ ಎಂದು ನಾನು ಹೇಳುತ್ತಿಲ್ಲ. ‘ಹಂಸಗೀತೆ’ಯಂಥ ಚಿತ್ರ ಕ್ಯಾಮೆರಾ ಅಂಗಡಿಯಿಂದ ಬಂದವರಿಂದ ಆಗುತ್ತಿರಲಿಲ್ಲ, ಸಂಗೀತದ ಗಾಳಿಯಲ್ಲಿ ಬೆಳೆದವರಿಂದಲೇ ಆಗಬೇಕಿತ್ತು. ಆದರೆ ಬೀದಿಯಲ್ಲಿ ಕುಳಿತ ಮನುಷ್ಯನ ಮುಖವನ್ನು ಮಾತಿಲ್ಲದೆ ಓದಿಸುವ ಅಭ್ಯಾಸ ನಮ್ಮ ತೆರೆಗೆ ತಡವಾಗಿ ಬಂತು ಎಂಬುದನ್ನು ಒಪ್ಪಬೇಕು.

ತಡವಾಗಿಯಾದರೂ ಬಂದದ್ದಕ್ಕೆ ನಮ್ಮ ಕಡೆಯವರದೇ ಉದಾಹರಣೆ ಇದೆ. ನಂಜನಗೂಡು ದಾಟಿ ಊಟಿ ರಸ್ತೆಯಲ್ಲಿ ಮುಂದೆ ಹೋದರೆ ಗುಂಡ್ಲುಪೇಟೆ, ಆಮೇಲೆ ಬಂಡೀಪುರ. ಅಲ್ಲಿನ ಕಾಡಿನಂಚಿನಲ್ಲಿ ನೆಲೆಸಿ ಕೆಲಸ ಮಾಡಿದ ಕೃಪಾಕರ ಮತ್ತು ಸೇನಾನಿ ಮೊದಲು ಸ್ಥಿರಚಿತ್ರದವರು; ಅವರ ಚಿತ್ರಗಳನ್ನು ಕನ್ನಡ ಓದುಗರು ಮೊದಲು ಕಂಡದ್ದು ಪತ್ರಿಕೆ, ಪುಸ್ತಕಗಳ ಪುಟಗಳಲ್ಲಿ. ಮುಂದೆ ಅವರು ಕೆನ್ನಾಯಿಗಳ ಬೆನ್ನು ಹತ್ತಿ ‘ವೈಲ್ಡ್ ಡಾಗ್ ಡೈರೀಸ್’, ‘ದಿ ಪ್ಯಾಕ್’ ಚಿತ್ರಗಳನ್ನು ಮಾಡಿದರು. ‘ದಿ ಪ್ಯಾಕ್’ಗೆ 2010ರಲ್ಲಿ ಬ್ರಿಸ್ಟಲ್ ನಗರದ ವೈಲ್ಡ್‌ಸ್ಕ್ರೀನ್ ಉತ್ಸವದ ಪ್ರಶಸ್ತಿ, ಜನ ಗ್ರೀನ್ ಆಸ್ಕರ್ ಎನ್ನುವುದು, ಬಂತು. ಕೆನ್ನಾಯಿಗೆ ಇನ್ನೊಂದು ಸಲ ಮಾಡು ಎಂದು ಹೇಳಲಾಗುವುದಿಲ್ಲ. ಕುಬ್ರಿಕ್ ಅಂಗಡಿಯವನ ಬಳಿ ಮಾಡಿದ್ದನ್ನು ಇವರು ಮಾಡುವಂತಿಲ್ಲ. ವರ್ಷಗಟ್ಟಲೆ ಕಾದು, ಸಿಕ್ಕಿದ್ದರಲ್ಲಿ ಒಂದು ಕುಟುಂಬದ ಕಥೆಯನ್ನು ಹೊಂದಿಸಬೇಕು. ಇದೂ ನಿರ್ದೇಶನವೇ. ನನ್ನ ಎಣಿಕೆಯಲ್ಲಿ ಹೆಚ್ಚು ಕಷ್ಟದ್ದು ಇದು.

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ‘ಲುಕ್’ 1971ರ ಅಕ್ಟೋಬರಿನಲ್ಲಿ ನಿಂತುಹೋಯಿತು. ಆದರೆ ಅದರ ನೆಗೆಟಿವ್‌ಗಳು ರದ್ದಿಗೆ ಹೋಗಲಿಲ್ಲ. ದೊಡ್ಡ ಪಾಲು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ಗೆ, ನ್ಯೂಯಾರ್ಕಿಗೆ ಸಂಬಂಧಿಸಿದ ಪಾಲು ಆ ನಗರದ ವಸ್ತುಸಂಗ್ರಹಾಲಯಕ್ಕೆ ಸೇರಿದವು. ಕುಬ್ರಿಕ್ ತೀರಿಕೊಂಡದ್ದು 1999ರಲ್ಲಿ; ಅವನು ತೆಗೆದ ಸಾವಿರಾರು ಚಿತ್ರಗಳು, ಅಚ್ಚಾಗದೇ ಉಳಿದವೂ ಸೇರಿ, ಆ ಡಬ್ಬಿಗಳಲ್ಲಿದ್ದವು. 2018ರಲ್ಲಿ ಆ ಸಂಗ್ರಹಾಲಯ ದೊಡ್ಡ ಪ್ರದರ್ಶನ ಮಾಡಿತು. ಪ್ರತಿ ಚಿತ್ರದ ಜೊತೆ ತೆಗೆದವನ ಹೆಸರು, ಯಾವ ಕೆಲಸಕ್ಕೆ ತೆಗೆದದ್ದು ಎಂಬ ಟಿಪ್ಪಣಿ ಇದ್ದದ್ದರಿಂದ ಅದು ಸಾಧ್ಯವಾಯಿತು.

ನಮ್ಮ ಹಳೆಯ ಪತ್ರಿಕೆಗಳಲ್ಲಿ ಎಷ್ಟೋ ಚಿತ್ರಗಳ ಕೆಳಗೆ ತೆಗೆದವರ ಹೆಸರೇ ಇಲ್ಲ. ನಾಳೆ ಈ ತಾಲ್ಲೂಕಿನ ಹುಡುಗಿಯೊಬ್ಬಳು ದೊಡ್ಡ ನಿರ್ದೇಶಕಿಯಾದರೆ ಅವಳ ಮೊದಲ ಚಿತ್ರ ಯಾವುದು ಎಂದು ತಿಳಿಯುವ ದಾರಿ ನಮಗಿರುವುದಿಲ್ಲ. ಆದ್ದರಿಂದ ಸಭೆಯಲ್ಲಿರುವ ಹಿರಿಯರಲ್ಲಿ ಒಂದು ವಿನಂತಿ. ನಿಮ್ಮ ಅಟ್ಟದ ಮೇಲೆ ಹಳೆಯ ‘ಪ್ರಜಾಮತ’, ‘ಸುಧಾ’, ‘ಮಯೂರ’, ‘ತರಂಗ’ದ ಕಟ್ಟುಗಳಿದ್ದರೆ ರದ್ದಿಯವನಿಗೆ ತೂಕಕ್ಕೆ ಹಾಕುವ ಮೊದಲು ಈ ಕಾಲೇಜಿನ ಗ್ರಂಥಪಾಲಕರಿಗೆ ಒಂದು ಮಾತು ತಿಳಿಸಿ. ಊರಿನ ಸ್ಟುಡಿಯೋಗಳಲ್ಲಿ ಹಳೆಯ ನೆಗೆಟಿವ್ ಡಬ್ಬಿಗಳಿದ್ದರೆ ಅವುಗಳ ಬಗ್ಗೆಯೂ ಹೇಳಿ. ವಿದ್ಯಾರ್ಥಿಗಳೇ, ನೀವು ತೆಗೆದ ಪ್ರತಿ ಚಿತ್ರಕ್ಕೂ ಹೆಸರು, ಊರು, ತಾರೀಖು ಬರೆದಿಡಿ. ಪ್ರಾಂಶುಪಾಲರು ಗ್ರಂಥಾಲಯದಲ್ಲಿ ಇದಕ್ಕಾಗಿ ಒಂದು ಬೀರು ಕೊಡಿಸಬೇಕೆಂದು ಈ ವೇದಿಕೆಯಿಂದಲೇ ಕೇಳಿಕೊಳ್ಳುತ್ತೇನೆ.